ಮೇದಪ್ಪನವರ ಮನೆಯ ಐದು ಡಬ್ಬಿ

ಸೇವಂತಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮಂಡೆಕೋಲಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳುವವರಿಗೆ ಏನು ಹೋಗಬೇಕು? ಹದಿನಾಲ್ಕು ವರ್ಷದಿಂದ ಆಶಾ ಕಾರ್ಯಕರ್ತೆಯಾಗಿ ಆ ಊರಿನ ಮೆಟ್ಟಿಲುಗಳನ್ನೆಲ್ಲ ಹತ್ತಿ ಇಳಿದವಳು ಅವಳು. ಬಿ.ಪಿ. ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗಿ ಉಳಿತಾಯ ಮಾಡಿದೆ ಎಂದು ಬೀಗುವವರನ್ನು, ಸ್ಕ್ಯಾನಿಂಗ್ ಚೀಟಿಯನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ ಹೆರಿಗೆಯ ದಿನವೇ ನೆನಪು ಮಾಡಿಕೊಳ್ಳುವವರನ್ನು ವಾರಕ್ಕೆ ಮೂರು ಸಲ ಕಂಡರೆ ನಿಮಗೂ ಸಿಟ್ಟು ಬರುತ್ತದೆ. ಬಾರದಿದ್ದರೆ ನಿಮ್ಮನ್ನೇ ಡಾಕ್ಟರಿಗೆ ತೋರಿಸಬೇಕು.

ಅದರಲ್ಲೂ ಯಾರಾದರೂ ಹೊಟ್ಟೆ ಹಿಡಿದುಕೊಂಡು ‘ಗ್ಯಾಸ್’ ಎಂದರೆ ಅವಳ ಸಿಟ್ಟು ನೆತ್ತಿಗೇರುತ್ತಿತ್ತು. ಇಚಿಲಂಪಾಡಿಯ ತವರಿನಲ್ಲಿ ಅವಳ ಅಮ್ಮ ಹನ್ನೊಂದು ವರ್ಷ ಹೊಟ್ಟೆ ಉರಿ ಎಂದು ಹೇಳುತ್ತಲೇ ಇದ್ದಳು. ಕಂಡವರೆಲ್ಲ ಗ್ಯಾಸ್ ಎಂದರು. ಜೀರಿಗೆ ಕಷಾಯ ಆಯಿತು, ಸೋಡಾಪುಡಿ ಆಯಿತು, ಮಜ್ಜಿಗೆಗೆ ಇಂಗು ಆಯಿತು. ಖಾರ ಬಿಡು ಎಂದರು, ಬಿಟ್ಟಳು. ಚಿಂತೆ ಬಿಡು ಎಂದರು, ಅದನ್ನು ಬಿಡುವುದು ಹೇಗೆಂದು ಮಾತ್ರ ಯಾರೂ ಹೇಳಿಕೊಡಲಿಲ್ಲ. ಒಂದು ಬೆಳಿಗ್ಗೆ ಕಾಫಿಯ ಗಸಿಯಂಥದ್ದನ್ನು ವಾಂತಿ ಮಾಡಿ ಬಿದ್ದವಳು ಜೀಪು ಪುತ್ತೂರು ಮುಟ್ಟುವ ಮೊದಲೇ ಹೋದಳು. ಹೊಟ್ಟೆಯ ಹುಣ್ಣು ಒಡೆದಿದೆ ಎಂದರು ಅಲ್ಲಿನ ಡಾಕ್ಟರು. “ಸ್ವಲ್ಪ ಮೊದಲು ತರ್ಲಿಕ್ಕೆ ಆಗ್ಲಿಲ್ವಾ?” ಎಂದೂ ಕೇಳಿದರು. ಸೇವಂತಿಗೆ ಆಗ ಇಪ್ಪತ್ತಮೂರು ವರ್ಷ. ಉತ್ತರ ಕೊಡದೆ ತಲೆ ತಗ್ಗಿಸಿ ನಿಂತದ್ದಕ್ಕೆ ಅವಳಿಗೆ ಇವತ್ತಿಗೂ ತನ್ನ ಮೇಲೆಯೇ ಸಿಟ್ಟಿದೆ.

ಹಾಗಾಗಿ ಕಳೆದ ಜನವರಿಯಲ್ಲಿ ಒಂದು ವೈದ್ಯಕೀಯ ಕಾಲೇಜಿನವರು ಹೊಟ್ಟೆಯ ಸೋಂಕಿನ ಸರ್ವೆ ಮಾಡುತ್ತೇವೆ ಎಂದು ಬಂದಾಗ, ಉಳಿದ ಆಶಾಗಳು ಮುಖ ಮುಖ ನೋಡಿಕೊಂಡರೆ ಸೇವಂತಿ ಮೊದಲು ಕೈ ಎತ್ತಿದಳು. ಬಂದ ಡಾಕ್ಟರು ಚಿನ್ಮಯೀ, ಮೂವತ್ತು ದಾಟದ ಹುಡುಗಿ. ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಕೂತು ಅವರು ವಿವರಿಸಿದರು. ಒಂದು ಬ್ಯಾಕ್ಟೀರಿಯಾ ಉಂಟು, ಹೊಟ್ಟೆಯ ಒಳಗೋಡೆಯಲ್ಲೇ ಬೀಡು ಬಿಡುತ್ತದೆ. ಅದರ ಹೆಸರು ಉದ್ದವಾಗಿತ್ತು, ಸೇವಂತಿ ಕೊನೆಯ ‘ಪೈಲೋರಿ’ಯನ್ನಷ್ಟೇ ಗಟ್ಟಿಯಾಗಿ ಹಿಡಿದುಕೊಂಡಳು.

“ಹೆಚ್ಚಿನವರಿಗೆ ಇದು ಬರುದು ಚಿಕ್ಕಂದಿನಲ್ಲಿ,” ಎಂದರು ಚಿನ್ಮಯೀ. “ಮನೆಯವರಿಂದಲೇ. ಬಾಯಿಯಿಂದ, ತೊಳೆಯದ ಕೈಯಿಂದ, ವಾಂತಿಯಿಂದ, ಮಲ ಸೇರಿದ ನೀರಿನಿಂದ. ಬಂದ ಮೇಲೆ ಮದ್ದು ಮಾಡದಿದ್ರೆ ಸಾಧಾರಣ ಅದಾಗಿಯೇ ಹೋಗುದಿಲ್ಲ. ಮಕ್ಕಳಲ್ಲಿ ಕಡಿಮೆ, ಪ್ರಾಯ ಆದ ಹಾಗೆ ಜಾಸ್ತಿ. ನಮ್ಮ ಕಡೆ ದೊಡ್ಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಇರಬಹುದು. ಎಲ್ರಿಗೂ ತೊಂದರೆ ಕೊಡುದಿಲ್ಲ. ಹತ್ತರಲ್ಲಿ ಒಬ್ಬಿಬ್ಬರಿಗೆ ಹುಣ್ಣಾಗ್ತದೆ.”

“ಅಂದ್ರೆ ಖಾರದಿಂದ ಆಗುದಲ್ವಾ ಮೇಡಂ?” ಎಂದು ಕೇಳಿದಳು ಸೇವಂತಿ.

“ಅಲ್ಲ. ಮುಖ್ಯ ಕಾರಣ ಇದು, ಮತ್ತೆ ಕೆಲವು ನೋವಿನ ಮಾತ್ರೆಗಳು. ಇದಾದ್ರೆ ಹದಿನಾಲ್ಕು ದಿನದ ಮದ್ದಿನಲ್ಲಿ ಹೆಚ್ಚಿನವರದ್ದು ಗುಣ ಆಗ್ತದೆ.”

ಹದಿನಾಲ್ಕು ದಿನ! ಅಮ್ಮ ಹನ್ನೊಂದು ವರ್ಷ ಉಣ್ಣದೆ ಬಿಟ್ಟ ಮೀನು ಸಾರು, ಕುಡಿದ ಕಷಾಯ, ಕೇಳಿಸಿಕೊಂಡ ಬುದ್ಧಿಮಾತು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದು ಸೇವಂತಿಗೆ ಆ ಬೆಂಚನ್ನೇ ಎತ್ತಿ ಎಸೆಯಬೇಕು ಅನ್ನಿಸಿತು. ಎಸೆಯುವುದಾದರೂ ಯಾರ ಮೇಲೆ? ಬಾಯಿ ಮುಚ್ಚಿಕೊಂಡು ತನ್ನ ಪಾಲಿನ ಹದಿನೇಳು ಮನೆಗಳ ಪಟ್ಟಿ ತೆಗೆದುಕೊಂಡಳು.

ಪಟ್ಟಿಯ ಹನ್ನೊಂದನೆಯ ಮನೆ ಮೇದಪ್ಪನವರದು. ಅದನ್ನು ಕಂಡಾಗ ಅವಳಿಗೆ ಮೊದಲು ನೆನಪಾದದ್ದು ಮೇದಪ್ಪನವರಲ್ಲ, ಅವರ ಸೊಸೆ ದೀಪ್ತಿ. ಪೆರಾಬೆಯಿಂದ ಮದುವೆಯಾಗಿ ಬರುವಾಗ ತುಂಬು ಕೆನ್ನೆಯ ಹುಡುಗಿ. ಈಗ ಇಪ್ಪತ್ತೆಂಟಕ್ಕೆ ಕೊರಳ ಎಲುಬು ಎಣಿಸಬಹುದು. ಎರಡು ವರ್ಷದಿಂದ ಹೊಟ್ಟೆಯ ಮೇಲ್ಭಾಗದಲ್ಲಿ ಕೊರೆಯುವ ನೋವು. ಏಳು ತಿಂಗಳ ಮಗುವಿಗೆ ಹಾಲು ಕೊಡುತ್ತಾ ಎಡಗೈಯಲ್ಲಿ ಹೊಟ್ಟೆ ಒತ್ತಿಕೊಂಡು ಕೂರುತ್ತಿದ್ದಳು. ಅತ್ತೆ ಅಪ್ಪಿಯಮ್ಮ ‘ಹೊತ್ತಿಗೆ ಸರಿಯಾಗಿ ಉಣ್ಣುದಿಲ್ಲ’ ಎನ್ನುವರು. ಗಂಡ ಉಲ್ಲಾಸ್ ಸುಳ್ಯದ ಮೆಡಿಕಲ್ ಶಾಪಿನಿಂದ ಗುಲಾಬಿ ಬಣ್ಣದ ಗ್ಯಾಸಿನ ಔಷಧಿ ತಂದು ಕೊಡುವನು, ಕರ್ತವ್ಯ ಮುಗಿಯುವುದು. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಸೇವಂತಿ ಹೇಳಿ ಹೇಳಿ ಸುಸ್ತಾಗಿದ್ದಳು. ಗ್ಯಾಸಿಗೆಲ್ಲ ಪುತ್ತೂರಿಗೆ ಓಡಿದರೆ ಜನ ನಗುತ್ತಾರೆ ಎಂದಿದ್ದರು ಮೇದಪ್ಪನವರು. ಸರ್ವೆಯಲ್ಲಿ ಸೋಂಕು ಕಂಡವರಿಗೆ, ಹೊಟ್ಟೆನೋವು ಇದ್ದರೆ, ಕಾಲೇಜಿನವರೇ ಬಾಯಿಯಿಂದ ಕೆಮರಾ ಬಿಟ್ಟು ನೋಡಿ ಮದ್ದು ಕೊಡುತ್ತಾರೆ ಎಂದಿದ್ದರು ಚಿನ್ಮಯೀ. ದೀಪ್ತಿಗೆ ಇದೊಂದೇ ದಾರಿ ಎಂದು ಸೇವಂತಿ ಎಣಿಸಿದಳು.

ಮೇದಪ್ಪನವರು ಕೆಟ್ಟವರಲ್ಲ, ಅದೇ ಕಷ್ಟ. ಕೆಟ್ಟವರಾಗಿದ್ದರೆ ಜಗಳ ಆಡಿ ಮುಗಿಸಬಹುದಿತ್ತು. ಅಂಗನವಾಡಿಗೆ ಜಾಗ ಬಿಟ್ಟುಕೊಟ್ಟವರು, ಊರಿನ ಎಷ್ಟೋ ಬಸುರಿಯರನ್ನು ತಮ್ಮ ಜೀಪಿನಲ್ಲೇ ಆಸ್ಪತ್ರೆಗೆ ಮುಟ್ಟಿಸಿದವರು. ಆದರೆ ಅವರ ಮನೆಯಲ್ಲಿ ಹಸಿವು, ನಿದ್ದೆ ಬಿಟ್ಟರೆ ಬಾಕಿ ಎಲ್ಲವನ್ನೂ ಎಲ್ಲರ ಪರವಾಗಿ ಅವರೇ ಮಾಡುತ್ತಿದ್ದರು. ಗ್ರಾಮಸಭೆಯ ಹಾಜರಿ ಪುಸ್ತಕದಲ್ಲಿ ಮನೆಯ ನಾಲ್ಕು ಹೆಸರನ್ನೂ ತಾವೇ ಬರೆದು, ನಾಲ್ಕು ಥರದ ಸಹಿ ಹಾಕುವ ಜಾಣ್ಮೆ ಅವರಿಗಿತ್ತು. ಯಾರಾದರೂ ಕೇಳಿದರೆ ‘ಮನೆಗೆ ಯಜಮಾನ ಅಂತ ಮತ್ತೆ ಎಂತಕ್ಕೆ ಇರುದು?’ ಎಂದು ನಗುವರು. ಕೇಳಿದವರೂ ನಗುವರು.

ಫೆಬ್ರವರಿಯ ಬಿಸಿಲಿನಲ್ಲಿ ಸೇವಂತಿ ಮುಚ್ಚಳದ ಸಣ್ಣ ಪ್ಲಾಸ್ಟಿಕ್ ಡಬ್ಬಿಗಳನ್ನು ಚೀಲದಲ್ಲಿ ತುಂಬಿಕೊಂಡು ಹೊರಟಳು. ಪ್ರತಿ ಡಬ್ಬಿಯ ಮೇಲೆ ಒಬ್ಬರ ಹೆಸರು, ಪ್ರಾಯ. ಬೆಳಗಿನ ಮಲವನ್ನು ಸ್ವಲ್ಪ ಅದರಲ್ಲಿ ಹಾಕಿ ಕೊಡಬೇಕು. ಹೇಳಿದ ಕಡೆಯೆಲ್ಲ ಮೊದಲು ನಗು, ಆಮೇಲೆ ನಾಚಿಕೆ, ಆಮೇಲೆ ಕೋಪ. “ವೋಟು ಕೇಳ್ಲಿಕ್ಕೆ ಬಂದವರನ್ನು ಕಂಡಿದ್ದೇವೆ, ಇದು ಕೇಳ್ಲಿಕ್ಕೆ ಬಂದವರನ್ನು ಕಂಡದ್ದು ಇದೇ ಮೊದಲು ಮಾರಾಯ್ತಿ!” ಎಂದು ಒಬ್ಬರು. “ನಮಗೆಂತ ರೋಗ? ನಮ್ಮದು ಬಾವಿ ನೀರು” ಎಂದು ಇನ್ನೊಬ್ಬರು. ಆ ಬಾವಿಗೆ ಹತ್ತು ಹೆಜ್ಜೆಯಲ್ಲಿ ಅವರದೇ ಪಾಯಿಖಾನೆಯ ಗುಂಡಿ. ಸೇವಂತಿ ಹೆಜ್ಜೆ ಎಣಿಸಿ ತೋರಿಸಿ ಬೈದು ಬಂದಳು.

ಕಾಲೊನಿಯ ಚನಿಯಪ್ಪನ ಮನೆಯಲ್ಲಿ ಅವಳ ಪೊಲೀಸುಗಿರಿಗೆ ಮಿತಿಯೇ ಇರಲಿಲ್ಲ. ಏಳು ಜನರನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ಒಂದೊಂದೇ ಡಬ್ಬಿ ಎತ್ತಿ ಹಿಡಿದು, “ಇದು ಯಾರದ್ದು? ನಿಂದೇಯಾ? ಸುಳ್ಳು ಹೇಳ್ಬೇಡ” ಎಂದು ಕೇಳಿದಳು. ಚನಿಯಪ್ಪನ ಮುದಿ ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಿಯಮ ಎಂದರೆ ನಿಯಮ ಎಂದಳು ಸೇವಂತಿ. ಸರ್ವೆಯ ಫಾರ್ಮಿನ ಕೆಳಗೆ ಅಚ್ಚಾಗಿತ್ತಲ್ಲ: ‘ಪ್ರತಿಯೊಬ್ಬರ ಮಾದರಿಯನ್ನು ಬೇರೆ ಬೇರೆಯಾಗಿ ಪಡೆದು, ವಿಚಾರಿಸಿ ಖಚಿತಪಡಿಸಿಕೊಂಡಿದ್ದೇನೆ.’ ಅದರ ಕೆಳಗೆ ಅವಳ ಸಹಿ ಬೀಳಬೇಕು.

ಮಾರನೆಯ ದಿನ ಮೇದಪ್ಪನವರ ಮನೆಗೆ ಹೋದಾಗ ಚಾವಡಿಯ ಕಟ್ಟೆಯ ಮೇಲೆ ಕಾಗದದಲ್ಲಿ ಸುತ್ತಿದ ಐದು ಡಬ್ಬಿ ಸಿದ್ಧವಾಗಿದ್ದವು. ಅಪ್ಪಿಯಮ್ಮ ಪುನರ್ಪುಳಿ ಶರಬತ್ತು ತಂದುಕೊಟ್ಟರು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಅನ್ನದ ಅಗುಳನ್ನು ತಮ್ಮ ಬಾಯಲ್ಲಿ ಜಗಿದು ಮೆತ್ತಗೆ ಮಾಡಿ ಅದರ ಬಾಯಿಗೆ ಇಡುತ್ತಿದ್ದರು.

“ಹಾಗೆ ಕೊಡ್ಬಾರ್ದು ಅಮ್ಮ. ಬಾಯಿಂದ ಬಾಯಿಗೆ ಹೋಗುದೇ ಹಾಗೆ,” ಎಂದಳು ಸೇವಂತಿ, ಅವಳ ಮಟ್ಟಿಗೆ ತೀರಾ ಮೆಲ್ಲಗೆ.

“ನನ್ನ ಮಗನನ್ನೂ ಹೀಗೇ ಸಾಕಿದ್ದು. ಅವ ಎಂತ ಸತ್ತು ಹೋಗಿದ್ದಾನಾ?” ಎಂದರು ಅಪ್ಪಿಯಮ್ಮ.

ಮೇದಪ್ಪನವರು ನಕ್ಕರು. “ಐದೂ ಉಂಟು ನೋಡು ಸೇವಂತಿ. ನಮ್ಮಲ್ಲಿ ಕೆಲಸ ಅಂದ್ರೆ ಕೆಲಸ.”

ಸೇವಂತಿಯೂ ನಕ್ಕಳು. ಶರಬತ್ತು ಕುಡಿದಳು. ಐದು ಸಹಿ ಹಾಕಿದಳು. ಒಳಬಾಗಿಲಲ್ಲಿ ನಿಂತಿದ್ದ ದೀಪ್ತಿ ಅವಳನ್ನೇ ನೋಡುತ್ತಿದ್ದಳು. ‘ನಿನ್ನದಕ್ಕಾಗಿಯೇ ಬಂದದ್ದು’ ಎನ್ನುವಂತೆ ಸೇವಂತಿ ಕಣ್ಣಲ್ಲೇ ಧೈರ್ಯ ಹೇಳಿ, ಡಬ್ಬಿಗಳನ್ನು ಐಸಿನ ಪೆಟ್ಟಿಗೆಯಲ್ಲಿಟ್ಟು ಪುತ್ತೂರಿನ ಲ್ಯಾಬಿಗೆ ಹೋಗುವ ಗಾಡಿಗೆ ಕೊಟ್ಟಳು.

ಮಾರ್ಚ್ ಕೊನೆಗೆ ವರದಿ ಬಂತು. ಹದಿನೇಳು ಮನೆಯ ತೊಂಬತ್ತಾರು ಜನರಲ್ಲಿ ಐವತ್ತೆರಡು ಮಂದಿಗೆ ಸೋಂಕು. ಹತ್ತು ವರ್ಷದೊಳಗಿನ ಮಕ್ಕಳಲ್ಲಿ ಕಾಲು ಭಾಗ, ನಲವತ್ತು ದಾಟಿದವರಲ್ಲಿ ಮುಕ್ಕಾಲು. ಸೇವಂತಿಗೂ ಇತ್ತು. ಅದನ್ನವಳು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದಳು, ನಾಚಿಕೆ ಬಿಡಲಿ ಎಂದು. ಚನಿಯಪ್ಪನ ಮನೆಯಲ್ಲಿ ಏಳರಲ್ಲಿ ನಾಲ್ಕು. ಮೇದಪ್ಪನವರ ಮನೆಯಲ್ಲಿ ಐದಕ್ಕೆ ಐದೂ ಇಲ್ಲ.

ಇಲ್ಲ ಎಂದರೆ ಸಂತೋಷ ಪಡಬೇಕಾದ ಸುದ್ದಿ ತಾನೇ? ದೀಪ್ತಿಯ ಹೆಸರಿನ ಮುಂದಿನ ‘ಇಲ್ಲ’ವನ್ನು ಸೇವಂತಿ ಮೂರು ಸಲ ಓದಿದಳು.

ಮೇದಪ್ಪನವರಿಗೆ ಒಂದು ಸಲ ಸಾಕಾಯಿತು. ಹಾಲಿನ ಸೊಸೈಟಿಯಲ್ಲಿ ವರದಿ ಬಿಚ್ಚಿ ಎಲ್ಲರಿಗೂ ತೋರಿಸಿದರು. “ಶುಚಿಯಾಗಿ ಇದ್ರೆ ಎಂತದ್ದೂ ಬರುದಿಲ್ಲ. ಅದು ಕಾಲೊನಿಯವರ ಕಾಯಿಲೆ” ಎಂದರು. ಆ ಮಾತು ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಸುತ್ತಿತು. ಸೊಸೈಟಿಯ ನೀರಿನ ಕೊಡದ ಹತ್ತಿರ ಹೋದ ಚನಿಯಪ್ಪನಿಗೆ ಯಾರೋ ‘ನೀನು ಮನೆಯಿಂದ ಬಾಟ್ಲಿ ತಾ’ ಎಂದರಂತೆ. ಹಾಗೆಂದವನ ಹೆಸರೂ ಸೋಂಕಿನ ಪಟ್ಟಿಯಲ್ಲಿತ್ತು, ಅವನ ಹೆಂಡತಿಯದೂ ಇತ್ತು! ಸೇವಂತಿ ಸೊಸೈಟಿಗೇ ಹೋಗಿ ಬಾಯಿಗೆ ಬಂದ ಹಾಗೆ ಬೈದಳು. ಕೇಳಿದವರು ತಲೆ ಅಲ್ಲಾಡಿಸಿದರು. ಪಾಪ, ಸೇವಂತಿಗೆ ಸಿಟ್ಟು ಮೂಗಿನ ತುದಿಯಲ್ಲೇ ಅಲ್ಲವೇ?

ದೀಪ್ತಿಯ ಪಾಲಿಗೆ ಮಾತ್ರ ಬಾಗಿಲು ಪೂರ್ತಿ ಮುಚ್ಚಿತು. “ವರದಿಯಲ್ಲೇ ಉಂಟಲ್ಲ ಅಕ್ಕ, ಅವಳಿಗೆ ಎಂತದ್ದೂ ಇಲ್ಲ ಅಂತ,” ಎಂದ ಉಲ್ಲಾಸ್. “ನೀವೇ ಮಾಡಿಸಿದ ವರದಿ. ಇನ್ನು ಅವಳು ಮನಸ್ಸು ಗಟ್ಟಿ ಮಾಡ್ಕೊಳ್ಬೇಕು.” ನಾನೇ ಮಾಡಿಸಿದ ವರದಿ! ಸೇವಂತಿ ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡು ನಡೆದಳು.

ಅದಾಗಿ ನಾಲ್ಕನೆಯ ದಿನ ಪುತ್ತೂರಿನ ಲ್ಯಾಬಿನಿಂದ ನಿಝಾಮ್ ಫೋನ್ ಮಾಡಿದ. ಡಬ್ಬಿಗಳನ್ನು ಪರೀಕ್ಷೆ ಮಾಡಿದವನು ಅವನೇ.

“ಸೇವಂತಿಯಕ್ಕ, ಬೈಬಾರ್ದು. ಒಂದು ಕೇಳ್ಲಿಕ್ಕೆ ಉಂಟು. ಏಳು ತಿಂಗಳ ಮಗು ಅಲಸಂಡೆ ಪಲ್ಯ ತಿಂತದಾ?”

“ಎಂತ ಹೇಳ್ತಾ ಇದ್ದಿ ನೀನು?”

“ನಾನು ಪ್ರತಿ ಡಬ್ಬಿ ಹೇಗುಂಟು ಅಂತ ಪುಸ್ತಕದಲ್ಲಿ ಬರೆದಿಡ್ತೇನೆ. ಇವತ್ತು ಕಂಪ್ಯೂಟರಿಗೆ ಹಾಕುವಾಗ ನೋಡಿದೆ. ಆ ಹನ್ನೊಂದನೇ ಮನೆಯ ಮಗುವಿನದ್ದರಲ್ಲಿ ಅಲಸಂಡೆ ಸಿಪ್ಪೆ, ಮೆಣಸಿನ ಬೀಜ. ಬಾಕಿ ನಾಲ್ಕರಲ್ಲೂ ಅದೇ. ಬಣ್ಣವೂ ಒಂದೇ. ಐದೂ ಒಬ್ಬರದ್ದೇ ಅಕ್ಕ.” ಮತ್ತೆ ಹೇಳಿದ, “ಚಿನ್ಮಯೀ ಮೇಡಂಗೆ ಇನ್ನೂ ಹೇಳ್ಲಿಲ್ಲ. ಕೆಳಗೆ ನಿಮ್ಮ ಸಹಿ ಉಂಟಲ್ಲ, ಅದಕ್ಕೆ ಮೊದಲು ನಿಮಗೆ ಹೇಳಿದ್ದು. ಬೇಡ ಅಂದ್ರೆ ಬಿಡ್ತೇನೆ.”

“ನಾಳೆ ಹೇಳ್ತೇನೆ” ಎಂದು ಸೇವಂತಿ ಫೋನ್ ಇಟ್ಟಳು. ಮರುದಿನ ಅಂಗನವಾಡಿಯಲ್ಲಿ ಮಕ್ಕಳ ತೂಕ ನೋಡುವ ದಿನ. ಮಗುವನ್ನು ಎತ್ತಿಕೊಂಡು ಬಂದ ದೀಪ್ತಿಯನ್ನು ಅವಳು ತೂಕದ ತೊಟ್ಟಿಲಿನ ಹಿಂದಕ್ಕೆ ಎಳೆದು ನಿಲ್ಲಿಸಿದಳು.

“ಆ ಐದು ಡಬ್ಬಿಯಲ್ಲಿ ಇದ್ದದ್ದು ಯಾರದ್ದು?”

ದೀಪ್ತಿ ಹೆದರಲಿಲ್ಲ, ಅಳಲೂ ಇಲ್ಲ. ಬಹಳ ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದನ್ನು ಉಗಿದ ಹಾಗೆ ಹೇಳಿದಳು. “ಮಾವನದ್ದು. ಮನೆಯ ಹೆಂಗಸರದ್ದೆಲ್ಲ ಹೆಸರು ಬರೆದು ಹೊರಗೆ ಕಳಿಸ್ಲಿಕ್ಕೆ ಉಂಟಾ ಅಂತ ಕೇಳಿದ್ರು. ಒಂದೇ ಬಾವಿ, ಒಂದೇ ಅಡುಗೆ, ಒಬ್ಬರದ್ದು ಕೊಟ್ರೆ ಎಲ್ಲರದ್ದೂ ಕೊಟ್ಟ ಹಾಗೇ ಅಂತ ಹೇಳಿದ್ರು. ಐದು ಡಬ್ಬಿಗೆ ಹಾಕ್ಲಿಕ್ಕೆ ಅತ್ತೆ ನಂಗೆ ಹೇಳಿದ್ರು. ನಾನೇ ಹಾಕಿದ್ದು, ಕಡ್ಡಿಯಲ್ಲಿ.”

“ನೀನು!” ಸೇವಂತಿಯ ಸ್ವರ ಏರಿ, ತೊಟ್ಟಿಲಲ್ಲಿದ್ದ ಮಗು ಬೆಚ್ಚಿತು. “ಹೊಟ್ಟೆ ನೋವು ನಿಂಗೆ. ನಿನ್ನ ಹೆಸರಿನ ಡಬ್ಬಿ ನಿನ್ನ ಕೈಯಲ್ಲೇ ಇತ್ತು. ಅದೊಂದರಲ್ಲಾದ್ರೂ ನಿಂದು ಹಾಕ್ಲಿಕ್ಕೆ ನಿಂಗೆ ಎಂತ ದಾಡಿ ಆಗಿತ್ತು? ನಾನು ಯಾರಿಗೋಸ್ಕರ ಬಿಸಿಲಲ್ಲಿ ಸತ್ತದ್ದು?”

“ಅತ್ತೆ ಹತ್ತಿರವೇ ನಿಂತಿದ್ರು,” ಎಂದಳು ದೀಪ್ತಿ. “ಆದ್ರೂ ನಾನು ಕಾದಿದ್ದೆ ಅಕ್ಕ. ಚನಿಯಪ್ಪನ ಮನೆಯಲ್ಲಿ ಒಂದೊಂದೇ ಡಬ್ಬಿ ಎತ್ತಿ ಯಾರದ್ದು ಯಾರದ್ದು ಅಂತ ಕೇಳಿದಿರಂತೆ. ಊರಿಗೇ ಗೊತ್ತಾಗಿತ್ತು. ನಮ್ಮಲ್ಲಿಯೂ ಕೇಳ್ತೀರಿ, ಕೇಳಿದ್ರೆ ಹೇಳುವ ಅಂತ ಬಾಗಿಲಲ್ಲೇ ನಿಂತಿದ್ದೆ. ನೀವು ಶರಬತ್ತು ಕುಡಿದು ಹೋದ್ರಿ.”

ಹದಿನಾಲ್ಕು ವರ್ಷದಿಂದ ಊರಿನ ಮೇಲೆ ಹರಿಯಬಿಟ್ಟ ಸಿಟ್ಟೆಲ್ಲ ಒಂದೇ ಏಟಿಗೆ ತಿರುಗಿ ಬಂದು ಸೇವಂತಿಯ ಮೇಲೆಯೇ ಬಿತ್ತು. ಕಾಲೊನಿಯ ಅಂಗಳದಲ್ಲಿ ಮುದುಕಿಯ ಮುಖದ ಎದುರು ಡಬ್ಬಿ ಎತ್ತಿ ಹಿಡಿಯಲು ಧೈರ್ಯ ಇತ್ತು. ಚಾವಡಿಯ ಕಟ್ಟೆಯಲ್ಲಿ ಒಂದು ಪ್ರಶ್ನೆ ಕೇಳಲು ಇರಲಿಲ್ಲ. ಎಂಥ ಸಿಟ್ಟು ಅದು? ಬಡವರ ಅಂಗಳದಲ್ಲಿ ಹೆಡೆ ಎತ್ತಿ ದೊಡ್ಡವರ ಚಾವಡಿಯಲ್ಲಿ ಬಾಲ ಮುದುಡುವ ಸಿಟ್ಟು! ಥೂ ಎಂದು ತನಗೆ ತಾನೇ ಉಗಿದುಕೊಂಡಳು.

ಅಲ್ಲಿಂದ ದೀಪ್ತಿಯ ಜೊತೆಗೇ ನೇರ ಅವರ ಮನೆಗೆ ಹೋದಳು. ದೀಪ್ತಿ ಮಗುವನ್ನೆತ್ತಿಕೊಂಡು ಒಳಗೆ ಹೋದಳು, ಸೇವಂತಿ ಚಾವಡಿಯಲ್ಲಿ ಮೇದಪ್ಪನವರ ಎದುರು ನಿಂತಳು. ಅವರು ಪೇಪರ್ ಓದುತ್ತಿದ್ದರು.

“ಮೇದಪ್ಪಣ್ಣ, ಐದು ಡಬ್ಬಿಗೂ ನಿಮ್ಮದೇ ಹಾಕಿದ್ದು ಅಂತ ಲ್ಯಾಬಿನಲ್ಲಿ ಗೊತ್ತಾಗಿದೆ. ದೀಪ್ತಿಯದ್ದು ಪುನಃ ಕೊಡ್ಬೇಕು.”

ಮೇದಪ್ಪನವರು ಪೇಪರ್ ಮಡಚಿದರು. ಮುಖ ಸ್ವಲ್ಪ ಕೆಂಪಾಯಿತು, ಅಷ್ಟೇ. “ಮುಗಿದ ವಿಷಯ ಸೇವಂತಿ. ಈಗ ಕೆದಕಿದ್ರೆ ಮಾನ ಹೋಗುದು ನನ್ನದು ಮಾತ್ರ ಅಲ್ಲ. ಎಲ್ಲರದ್ದೂ ಬೇರೆ ಬೇರೆ ವಿಚಾರಿಸಿದ್ದೇನೆ ಅಂತ ಐದು ಸಹಿ ಹಾಕಿದ್ದು ನೀನು. ನಿನ್ನ ಕೆಲಸ ಹೋದ್ರೆ ನಂಗೆ ಬೇಜಾರಾಗ್ತದೆ.”

ಅವರು ಹೆದರಿಸುತ್ತಿದ್ದಾರೋ ನಿಜವಾಗಿಯೂ ಅವಳ ಮೇಲೆ ಮರುಕ ಪಡುತ್ತಿದ್ದಾರೋ ಸೇವಂತಿಗೆ ತಿಳಿಯಲಿಲ್ಲ. ಎರಡೂ ಇದ್ದಿರಬೇಕು. ಒಳಗಿನಿಂದ ದೀಪ್ತಿ ವಾಂತಿ ಮಾಡುವ ಸದ್ದು ಕೇಳಿಸಿತು. ಮೇದಪ್ಪನವರು ಪೇಪರನ್ನು ಮತ್ತೆ ಬಿಡಿಸಿದರು. ಸೇವಂತಿ ಹೇಳದೆ ಕೇಳದೆ ಒಳಗೆ ನುಗ್ಗಿ ಬಚ್ಚಲಲ್ಲಿ ಬಗ್ಗಿ ನೋಡಿದಳು. ನೀರಿನಲ್ಲಿ ಕಪ್ಪು ಗಸಿ. ಅದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಲ್ಲೇ ನಿಂತು ಚಿನ್ಮಯೀಗೆ ಫೋನ್ ಮಾಡಿದಳು. ಎಲ್ಲವನ್ನೂ ಹೇಳಿದಳು. ಐದು ಡಬ್ಬಿ ಒಬ್ಬರದ್ದು ಎಂದಳು, ವಿಚಾರಿಸದೆ ಸಹಿ ಹಾಕಿದವಳು ತಾನು ಎಂದಳು, ಹುಡುಗಿ ಕಪ್ಪಗೆ ವಾಂತಿ ಮಾಡಿದ್ದಾಳೆ ಎಂದಳು.

ಚಿನ್ಮಯೀಯ ಸ್ವರ ತಣ್ಣಗೆ ಬಂತು. “ಮೊದಲು ಅವರನ್ನು ಪುತ್ತೂರಿಗೆ ಕರ್ಕೊಂಡು ಬನ್ನಿ, ಈಗಲೇ. ಏನೂ ತಿನ್ಲಿಕ್ಕೆ ಕೊಡ್ಬೇಡಿ. ಮತ್ತೆ ಸೇವಂತಿಯವರೇ, ನಿಮ್ಮನ್ನು ಸರ್ವೆಯಿಂದ ತೆಗೀಬೇಕಾಗ್ತದೆ. ಮೇಲಿನವರಿಗೂ ಬರೀಬೇಕು. ನಿಮ್ಮ ಹದಿನೇಳು ಮನೆಯದ್ದೂ ಇನ್ನೊಮ್ಮೆ ಆಗ್ಬೇಕು. ನಿಮ್ಮ ಸಹಿಯನ್ನು ನಾನು ಹೇಗೆ ನಂಬುದು?”

ಹದಿನೇಳೂ! ಚನಿಯಪ್ಪನ ಮುದಿ ತಾಯಿಯೂ ಮತ್ತೊಮ್ಮೆ ಕೊಡಬೇಕು. “ಬರೀರಿ ಮೇಡಂ,” ಎಂದಳು ಸೇವಂತಿ, “ಎಷ್ಟು ಬೇಕಾದ್ರೂ ಬರೀರಿ.” ಮತ್ತೆ ತಿರುಗಿ ಉಲ್ಲಾಸನನ್ನು ಹುಡುಕಿದಳು. “ಜೀಪು ತೆಗಿ. ನಿನ್ನಪ್ಪನನ್ನು ನೋಡ್ಬೇಡ, ನನ್ನನ್ನು ನೋಡು. ನನ್ನ ಅಮ್ಮ ಹೋದದ್ದು ಇದೇ ವಾಂತಿಯಲ್ಲಿ, ಹೀಗೇ ಪುತ್ತೂರಿಗೆ ಹೋಗುವ ದಾರಿಯಲ್ಲಿ. ತೆಗಿ ಅಂದೆ!”

ಉಲ್ಲಾಸ್ ಅಪ್ಪನನ್ನು ನೋಡದೆ ಕೀ ತೆಗೆದುಕೊಂಡ. ಮದುವೆಯಾದ ಮೇಲೆ ಅವನು ಅಪ್ಪನನ್ನು ಕೇಳದೆ ಮಾಡಿದ ಮೊದಲ ಕೆಲಸ ಅದಿರಬೇಕು.

ಪುತ್ತೂರಿನಲ್ಲಿ ಆ ಮಧ್ಯಾಹ್ನವೇ ದೀಪ್ತಿಯ ಬಾಯಿಯಿಂದ ಕೆಮರಾ ಬಿಟ್ಟರು. ಸಣ್ಣ ಕರುಳು ಶುರುವಾಗುವಲ್ಲಿ ಹುಣ್ಣು, ಅದರ ತಳದಲ್ಲಿ ರಕ್ತ ಜಿನುಗುತ್ತಿತ್ತು. ರಕ್ತವನ್ನು ಅಲ್ಲೇ ನಿಲ್ಲಿಸಿದರು. ಹೊಟ್ಟೆಯ ಗೋಡೆಯಿಂದ ತೆಗೆದ ಚೂರಿನಲ್ಲಿ ಅದೇ ಬ್ಯಾಕ್ಟೀರಿಯಾ ಇತ್ತು. ಇನ್ನೆರಡು ವಾರ ಬಿಟ್ಟಿದ್ದರೆ ಏನಾಗುತ್ತಿತ್ತೋ ಹೇಳಲಾಗದು ಎಂದರು ಡಾಕ್ಟರು. ಇದನ್ನು ಅವರು ಹೇಳಿದ್ದು ಉಲ್ಲಾಸನಿಗೆ. ಉಲ್ಲಾಸ್ ಗೋಡೆ ಹಿಡಿದುಕೊಂಡ. “ನಾನು ಗ್ಯಾಸ್ ಅಂತ ಎಣಿಸಿದ್ದೆ ಅಕ್ಕ,” ಎಂದ. ಸೇವಂತಿ ಅವನನ್ನು ಸಮಾಧಾನ ಮಾಡಲಿಲ್ಲ. ಎಣಿಸಿದ್ದಕ್ಕೆ ಅವನು ಇಡೀ ಜೀವಮಾನ ನಾಚಲಿ ಎಂದೇ ಅವಳಿಗೆ ಅನ್ನಿಸಿತು.

ಅದೇ ವಾರ ಚಿನ್ಮಯೀ ಸ್ವತಃ ಮೇದಪ್ಪನವರ ಮನೆಗೆ ಹೋಗಿ, ಅಪ್ಪಿಯಮ್ಮನ ಮುಂದೆಯೇ ನಿಂತು, ಉಳಿದ ನಾಲ್ವರದನ್ನು ಬೇರೆ ಬೇರೆಯಾಗಿ ತಂದರು. ಆ ದಿನ ಅಪ್ಪಿಯಮ್ಮ ಶರಬತ್ತು ಮಾಡಲಿಲ್ಲವಂತೆ. ಸೇವಂತಿ ಜೊತೆಗಿರಲಿಲ್ಲ, ಅವಳ ಹೆಸರನ್ನು ಸರ್ವೆಯಿಂದ ತೆಗೆದಾಗಿತ್ತು. ಆಶಾ ಕೆಲಸ ಉಳಿಯುತ್ತದೋ ಇಲ್ಲವೋ ಎನ್ನುವುದು ಸುಳ್ಯದ ಕಚೇರಿಯ ಯಾವುದೋ ಮೇಜಿನ ಮೇಲೆ ಕೂತಿತ್ತು. ಹೊಸಬಳು ಚನಿಯಪ್ಪನ ಮನೆಗೆ ಡಬ್ಬಿ ಕೊಡಲು ಹೋಗುವ ಮೊದಲೇ ಸೇವಂತಿ ಒಬ್ಬಳೇ ಹೋದಳು. ಅಂಗಳದಲ್ಲಿ ನಿಂತು, “ನನ್ನ ತಪ್ಪಿಗೆ ನೀವು ಇನ್ನೊಮ್ಮೆ ಕೊಡ್ಬೇಕಾಯ್ತು” ಎಂದಳು. ಮುದುಕಿ ಎದ್ದು ಒಳಗೆ ಹೋದಳು. ಚನಿಯಪ್ಪ ಕೂರಿ ಎಂದು ಹೇಳಲಿಲ್ಲ. ಅದೂ ನ್ಯಾಯವೇ ಎನ್ನಿಸಿ ಅವಳು ವಾಪಸು ಬಂದಳು.

ವಾರ ಕಳೆದು ದೀಪ್ತಿಯನ್ನು ಮತ್ತೆ ತೋರಿಸಲು ಪುತ್ತೂರಿಗೆ ಹೊರಟಾಗ ಅವಳು ಸೇವಂತಿಯನ್ನು ಕರೆದಳು. “ಬನ್ನಿ” ಎಂದಷ್ಟೇ ಹೇಳಿದಳು. ಅದರಲ್ಲಿ ಉಪಕಾರ ಸ್ಮರಣೆಯೇನೂ ಇರಲಿಲ್ಲ. ಆಸ್ಪತ್ರೆಯ ಬೆಂಚಿನಲ್ಲಿ ದೀಪ್ತಿ, ಉಲ್ಲಾಸ್, ಸೇವಂತಿ ಮೂವರೂ ಕೂತಿರುವಾಗ ಚಿನ್ಮಯೀ ಮನೆಯವರ ವರದಿ ತಂದು ಕೊಟ್ಟರು. ಅಪ್ಪಿಯಮ್ಮನಿಗೆ ಸೋಂಕು ಉಂಟು, ಉಲ್ಲಾಸನಿಗೆ ಉಂಟು. ಮಗುವಿಗೆ ಸದ್ಯ ಇಲ್ಲ. ದೀಪ್ತಿ ಕಣ್ಣು ಮುಚ್ಚಿ ಒಮ್ಮೆ ಉಸಿರು ಬಿಟ್ಟಳು. “ಇನ್ನು ಯಾರೂ ಅದಕ್ಕೆ ಜಗಿದು ಕೊಡ್ಲಿಕ್ಕಿಲ್ಲ” ಎಂದಳು, ಯಾರನ್ನೂ ಉದ್ದೇಶಿಸದೆ.

ಆಗಲೇ ಉಲ್ಲಾಸನ ಫೋನ್ ರಿಂಗಾಯಿತು. ಮನೆಯಿಂದ ಮೇದಪ್ಪನವರು. ಅವರ ಸ್ವರ ಫೋನಿನಿಂದ ಹೊರಗೆ ಎಲ್ಲರಿಗೂ ಕೇಳುವಷ್ಟು ದೊಡ್ಡದು. “ವರದಿ ಬಂತಾ? ನನ್ನದೆಂತ?”

“ನಿಮ್ಮದು ಇಲ್ಲ ಅಪ್ಪ. ಅಮ್ಮನದ್ದು, ನನ್ನದು...”

“ನಾನು ಆಗಲೇ ಹೇಳ್ಲಿಲ್ವಾ! ಮೊದಲೂ ಇಲ್ಲ, ಈಗಲೂ ಇಲ್ಲ. ನನ್ನದು ಕೊಟ್ಟದ್ದರಲ್ಲಿ ಎಂತ ತಪ್ಪಿತ್ತು, ಆ ಸೇವಂತಿಗೆ ಹೇಳು...”

ಸೇವಂತಿ ಬಾಯಿ ತೆರೆದಳು. ಅಷ್ಟರಲ್ಲಿ ದೀಪ್ತಿ ಗಂಡನ ಕೈಯಿಂದ ಫೋನ್ ತೆಗೆದುಕೊಂಡಳು. ಮದುವೆಯಾಗಿ ಬಂದಂದಿನಿಂದ ಅವಳು ಮಾವನ ಹತ್ತಿರ ಫೋನಿನಲ್ಲಿ ಮಾತನಾಡಿದ್ದೇ ಇಲ್ಲ.

“ಮಾವ, ನಿಮ್ಮ ಹೊಟ್ಟೆ ಸರಿ ಉಂಟು,” ಎಂದಳು ಅವಳು, ಸ್ವರ ಏರಿಸದೆ. “ಸಾಯ್ಲಿಕ್ಕೆ ಹೊರಟದ್ದು ನಾನು.”

ದೀಪ್ತಿ ಫೋನನ್ನು ಉಲ್ಲಾಸನ ಕೈಗೆ ವಾಪಸು ಕೊಟ್ಟು, ಮಧ್ಯಾಹ್ನದ ಮಾತ್ರೆ ನುಂಗಲು ನೀರು ಕೇಳಿದಳು.